ಕಾಲು ಸಡಿಲಿಸಿದವನೇ ಮುಂದೆ

ಅಮೆರಿಕದ ಸ್ಟಾಕ್ ಕಾರ್ ರೇಸನ್ನು ಮೊದಲ ಸಲ ಟೀವಿಯಲ್ಲಿ ಕಂಡವರು ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಾರೆ: ಗಂಟೆಗಟ್ಟಲೆ ಎಡಕ್ಕೆ ತಿರುಗಿಸಿಕೊಂಡು ಕೂರುವುದರಲ್ಲಿ ಏನು ಮಹಾ ಇದೆ? ಮೊಟ್ಟೆಯಾಕಾರದ ‘ಓವಲ್’ ಟ್ರ್ಯಾಕು, ಒಂದು ನೇರ ಓಟ, ಒಂದು ತಿರುವು, ಮತ್ತೆ ಅದೇ. ಫಾರ್ಮುಲಾ ಒನ್‌ನಂತೆ ಅಂಕುಡೊಂಕಿನ ರಸ್ತೆಯಿಲ್ಲ, ಬಲಕ್ಕೆ ಹೊರಳುವ ಪ್ರಮೇಯವೇ ಇಲ್ಲ. ಈ ರೇಸಿನ ಕಂಪ್ಯೂಟರ್ ಆಟವನ್ನು ಹೊಸದಾಗಿ ಹಚ್ಚಿಕೊಂಡವರೂ ಇದೇ ನಂಬಿಕೆಯಿಂದ ಶುರುಮಾಡುತ್ತಾರೆ. ಆಕ್ಸಿಲರೇಟರನ್ನು ತಳಮುಟ್ಟ ಒತ್ತುತ್ತಾರೆ, ಮೊದಲ ತಿರುವಿನಲ್ಲೇ ಹೊರಗೋಡೆಗೆ ಬಡಿಯುತ್ತಾರೆ, ಕಾರಿನ ಮೇಲೋ ಆಟದ ಮೇಲೋ ತಪ್ಪು ಹೊರಿಸುತ್ತಾರೆ. ನನ್ನ ವಾದ ಇಷ್ಟು: ಓವಲ್ ಟ್ರ್ಯಾಕಿನಲ್ಲಿ ಒಬ್ಬನನ್ನು ಇನ್ನೊಬ್ಬನಿಂದ ಬೇರೆ ಮಾಡುವುದು ಅವನು ಎಷ್ಟು ಒತ್ತಿದ ಎಂಬುದಕ್ಕಿಂತ ಎಲ್ಲಿ ಸಡಿಲಿಸಿದ ಎಂಬುದು. ಇದು ನಿಜವಾದ ಕಾರಿನಲ್ಲೂ ಸತ್ಯವೇ. ಆದರೆ ಆಟದಲ್ಲಿ ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಯಾಕೆ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಆಟ ಎಂದಾಕ್ಷಣ ಹಗುರವಾಗಿ ಕಾಣುವಂತಿಲ್ಲ. ಡೇವ್ ಕೇಮರ್ ಸಹಸ್ಥಾಪಕರಾಗಿದ್ದ ಪಪೈರಸ್ ಎಂಬ ಕಂಪನಿ 1994ರಲ್ಲೇ ‘ನ್ಯಾಸ್ಕಾರ್ ರೇಸಿಂಗ್’ ತಂದು, ಟೈರು ಮತ್ತು ಸಸ್ಪೆನ್ಷನ್‌ಗಳ ಲೆಕ್ಕವನ್ನು ಮನೆಯ ಕಂಪ್ಯೂಟರಿಗೆ ಇಳಿಸಿತ್ತು. ಅದೇ ಕೇಮರ್ ಆಮೇಲೆ ಉದ್ಯಮಿ ಜಾನ್ ಹೆನ್ರಿ ಜೊತೆ ಸೇರಿ ಕಟ್ಟಿದ ಐರೇಸಿಂಗ್ 2008ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಅದರಲ್ಲಿರುವ ಟ್ರ್ಯಾಕುಗಳು ಲೇಸರಿನಿಂದ ಅಳೆದು ಮಾಡಿದವು. ನಿಜವಾದ ಡಾಂಬರಿನಲ್ಲಿರುವ ಉಬ್ಬುತಗ್ಗು ಪರದೆಯ ಮೇಲಿನ ಟ್ರ್ಯಾಕಿನಲ್ಲೂ ಅದೇ ಜಾಗದಲ್ಲಿರುತ್ತದೆ. 2020ರ ಮಾರ್ಚಿನಲ್ಲಿ ಕೊರೊನಾದಿಂದ ರೇಸುಗಳು ನಿಂತಾಗ ಸ್ಟಾಕ್ ಕಾರ್ ರೇಸುಗಳನ್ನು ನಡೆಸುವ ಸಂಸ್ಥೆಯಾದ ನ್ಯಾಸ್ಕಾರ್ ತನ್ನ ಚಾಲಕರನ್ನು ಇದೇ ಆಟದಲ್ಲಿ ಓಡಿಸಿ ಟೀವಿಯಲ್ಲಿ ತೋರಿಸಿತು. ಮೊದಲ ರೇಸನ್ನು ಡೆನ್ನಿ ಹ್ಯಾಮ್ಲಿನ್ ಗೆದ್ದ. ಎರಡನೆಯದನ್ನು ಗೆದ್ದವನು ನ್ಯಾಸ್ಕಾರ್‌ನ ಅತಿ ಮೇಲಿನ ಹಂತವಾದ ಕಪ್ ಸರಣಿಯ ನಿಜವಾದ ಓಟದಲ್ಲಿ ಒಂದೂ ರೇಸು ಗೆಲ್ಲದಿದ್ದ, ಸಣ್ಣ ತಂಡದ ಟಿಮ್ಮಿ ಹಿಲ್. ದುಡ್ಡಿರುವ ತಂಡದ ಒಳ್ಳೆಯ ಕಾರು ಎಂಬ ವ್ಯತ್ಯಾಸ ಅಳಿದು ಎಲ್ಲರಿಗೂ ಸರಿಸಮಾನ ಕಾರು ಸಿಕ್ಕಾಗ ಉಳಿಯುವುದು ಕೈಕಾಲಿನ ಕೆಲಸ ಮತ್ತು ಆ ಯಂತ್ರದ ಮುಂದೆ ಕೂತು ಮಾಡಿದ ಅಭ್ಯಾಸ. ಆ ಸಾಲಿನ ಮೂರು ರೇಸುಗಳನ್ನು ವಿಲಿಯಂ ಬೈರನ್ ಗೆದ್ದದ್ದರಲ್ಲೂ ಆಶ್ಚರ್ಯವಿರಲಿಲ್ಲ. ಅವನು ಹದಿಹರೆಯದಲ್ಲಿ ರೇಸು ಕಲಿತದ್ದೇ ಐರೇಸಿಂಗ್‌ನಲ್ಲಿ. ಅದೇ ಬೈರನ್ 2024 ಮತ್ತು 2025ರಲ್ಲಿ, ಈ ಕ್ರೀಡೆಯ ಅತಿ ದೊಡ್ಡ ರೇಸಾದ ಡೇಟೋನಾ 500 ಅನ್ನು ಬೆನ್ನುಬೆನ್ನಿಗೆ ಗೆದ್ದ.

ಇನ್ನು ಮೂಲ ವಿಷಯ, ಟೈರು. ರಸ್ತೆಯನ್ನು ಹಿಡಿಯುವ ಶಕ್ತಿ ಒಂದು ಟೈರಿಗೆ ಇಷ್ಟೇ ಎಂದಿರುತ್ತದೆ. ಆ ಶಕ್ತಿಯನ್ನು ಬ್ರೇಕಿಗೂ ಬಳಸಬಹುದು, ತಿರುಗುವುದಕ್ಕೂ ಬಳಸಬಹುದು, ಮುಂದಕ್ಕೆ ನುಗ್ಗುವುದಕ್ಕೂ ಬಳಸಬಹುದು. ಪೂರ್ತಿಯಾಗಿ ಮೂರಕ್ಕೂ ಒಟ್ಟಿಗೆ ಬಳಸಲಾಗದು. ತಿರುವಿನ ನಡುವೆ ಬ್ರೇಕ್ ಒತ್ತಿದರೆ ತಿರುಗಲು ಉಳಿಯುವ ಹಿಡಿತ ಅಷ್ಟು ಕಡಿಮೆ, ಆಕ್ಸಿಲರೇಟರ್ ಒತ್ತಿದರೂ ಅದೇ ಕತೆ. ಇದರ ಮೇಲೆ ವೇಗದ ವರ್ಗದ ಲೆಕ್ಕ ಬೇರೆ ಇದೆ. ಒಂದೇ ತ್ರಿಜ್ಯದ ತಿರುವನ್ನು ಗಂಟೆಗೆ 100 ಕಿಲೋಮೀಟರಿನ ಬದಲು 110ರಲ್ಲಿ ಹೊಕ್ಕರೆ ವೇಗ ಹೆಚ್ಚಿದ್ದು ಶೇಕಡಾ 10, ಬೇಕಾಗುವ ಹಿಡಿತ ಹೆಚ್ಚಿದ್ದು ಶೇಕಡಾ 21. ಟೈರಿನ ಬಳಿ ಆ 21 ಇರುವುದಿಲ್ಲ. ಸದಾ ಎಡಕ್ಕೇ ತಿರುಗುವ ಕಾರಿನ ಭಾರ ಬಲಕ್ಕೆ ವಾಲುವುದರಿಂದ ಈ ಕೊರತೆಯ ಪೆಟ್ಟು ಮೊದಲು ಬೀಳುವುದು ಬಲಗಡೆಯ ಮುಂದಿನ ಟೈರಿಗೆ. ಓವಲ್ ಓಡಿಸುವುದೆಂದರೆ ಬಹುಮಟ್ಟಿಗೆ ಆ ಒಂದು ಟೈರನ್ನು ಕಾಪಾಡಿಕೊಳ್ಳುವುದು ಎಂದರೂ ತಪ್ಪಾಗದು.

ಇದನ್ನು ಕಲಿಯಲು ವರ್ಜೀನಿಯಾದ ಮಾರ್ಟಿನ್ಸ್‌ವಿಲ್‌ಗಿಂತ ಒಳ್ಳೆಯ ಶಾಲೆ ಇಲ್ಲ. 1947ರಲ್ಲಿ ಶುರುವಾದ ಟ್ರ್ಯಾಕು, ಸುತ್ತಳತೆ 0.526 ಮೈಲಿ, ಅಂದರೆ ಸುಮಾರು 850 ಮೀಟರ್. ಎರಡು ಉದ್ದನೆಯ ನೇರಗಳು, ಒಂದೊಂದೂ 800 ಅಡಿ. ಎರಡು ತುದಿಯಲ್ಲಿ ಹೊರಗೋಡೆಯ ಕಡೆಗೆ ಕೇವಲ 12 ಡಿಗ್ರಿ ಏರುವ ಓರೆಯಿರುವ ಇಕ್ಕಟ್ಟಾದ ತಿರುವುಗಳು. ಮೇಲಿನಿಂದ ನೋಡಿದರೆ ಕಾಗದಕ್ಕೆ ಹಾಕುವ ಕ್ಲಿಪ್ಪಿನ ಆಕಾರ. ಹೊಸಬ ಮಾಡುವುದೇನೆಂದರೆ, ನೇರದ ಕೊನೆಯವರೆಗೂ ಒತ್ತಿಕೊಂಡು ಬಂದು, ತಿರುವು ಮೂಗಿಗೆ ತಾಗಿದಾಗ ಬ್ರೇಕ್ ತುಳಿಯುತ್ತಾನೆ. ಕಾರು ತಿರುಗದೆ ಮೇಲಕ್ಕೆ ಜಾರುತ್ತದೆ, ಅವನು ಸ್ಟೀರಿಂಗನ್ನು ಇನ್ನಷ್ಟು ಎಳೆಯುತ್ತಾನೆ, ತಿರುವು ಮುಗಿಯುವವರೆಗೂ ಆಕ್ಸಿಲರೇಟರ್ ಮುಟ್ಟಲಾಗುವುದಿಲ್ಲ. ಪಳಗಿದವನು ಹೊರಗೋಡೆಯ ಕಡೆಯಿಂದ ಬರುತ್ತಾ ಮುಂಚೆಯೇ ಕಾಲು ಸಡಿಲಿಸುತ್ತಾನೆ. ಕಾರು ನೇರವಿರುವಾಗಲೇ ಬ್ರೇಕಿನ ಹೆಚ್ಚಿನ ಕೆಲಸ ಮುಗಿಸುತ್ತಾನೆ. ತಿರುಗುತ್ತಾ ತಿರುಗುತ್ತಾ ಬ್ರೇಕಿನ ಒತ್ತಡವನ್ನು ಮೆಲ್ಲಗೆ ಬಿಡುತ್ತಾನೆ. ಒಳಅಂಚನ್ನು ತಿರುವಿನ ನಡುವನ್ನು ಸ್ವಲ್ಪ ದಾಟಿದ ಮೇಲೆ ಮುಟ್ಟುತ್ತಾನೆ. ಅಲ್ಲಿಂದ ಸ್ಟೀರಿಂಗ್ ನೆಟ್ಟಗಾದಷ್ಟೇ ಆಕ್ಸಿಲರೇಟರ್ ಕೊಡುತ್ತಾ ಹೊರಗೋಡೆಯ ಕಡೆಗೆ ಕಾರನ್ನು ಹರಿಯಬಿಡುತ್ತಾನೆ. ಕೈ ಬಿಚ್ಚಿದಷ್ಟು ಕಾಲು ಒತ್ತು ಎನ್ನುವ ಈ ಒಂದು ಸೂತ್ರ ಗೊತ್ತಿದ್ದರೆ ಉಳಿದದ್ದು ಅಭ್ಯಾಸ.

ಲಾಭ ಎಷ್ಟು? ಒರಟಾಗಿ ಲೆಕ್ಕ ಹಾಕಿ ನೋಡಬಹುದು. 800 ಅಡಿ ಅಂದರೆ 244 ಮೀಟರ್. ಆ ನೇರದಲ್ಲಿ ಸರಾಸರಿ ವೇಗ ಗಂಟೆಗೆ 162 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ತಿರುವಿನಿಂದ ಚೆನ್ನಾಗಿ ಹೊರಬಂದು ಆ ಸರಾಸರಿಯನ್ನು 163ಕ್ಕೆ ಏರಿಸಿದವನಿಗೆ ಒಂದು ನೇರದಲ್ಲಿ ಉಳಿಯುವುದು ಸೆಕೆಂಡಿನ ನೂರರಲ್ಲಿ ಮೂರು ಪಾಲು. ಕಣ್ಣಿಗೆ ಕಾಣದಷ್ಟು ಸಣ್ಣದು. ಆದರೆ ಸುತ್ತಿಗೆ ಎರಡು ನೇರ, ನೂರು ಸುತ್ತಿಗೆ ಇನ್ನೂರು. ಒಟ್ಟು 6 ಸೆಕೆಂಡಿಗೂ ಮಿಕ್ಕಿದ ಅಂತರ. ಒಂದು ಸುತ್ತಿಗೆ 20 ಸೆಕೆಂಡು ಹಿಡಿಯುವ ಟ್ರ್ಯಾಕಿನಲ್ಲಿ ಇದು ಕಾಲು ಸುತ್ತಿಗಿಂತ ಹೆಚ್ಚು. ತಡವಾಗಿ ಬ್ರೇಕ್ ಹಾಕಿದವನಿಗೂ ಲಾಭ ಇಲ್ಲದಿಲ್ಲ, ಹತ್ತು ಮೀಟರಿನಷ್ಟು ದೂರ ಅವನು ವೇಗವಾಗಿಯೇ ಇರುತ್ತಾನೆ. ಆ ಹತ್ತು ಮೀಟರಿನ ಗಳಿಕೆಯ ಬಡ್ಡಿಯನ್ನು ಮುಂದಿನ 244 ಮೀಟರಿನ ಉದ್ದಕ್ಕೂ ಕಟ್ಟಬೇಕಾಗುತ್ತದೆ ಎಂಬುದಷ್ಟೇ ಅವನ ಕಷ್ಟ.

ಇಲ್ಲೊಂದು ಗಟ್ಟಿಯಾದ ಆಕ್ಷೇಪ ಬರುತ್ತದೆ. ಒಬ್ಬನೇ ಓಡಿಸುವಾಗ ಇದೆಲ್ಲ ಸರಿ, ರೇಸಿನಲ್ಲಿ ಹಿಂದೆ ಮೂವತ್ತು ಜನ ಇರುತ್ತಾರಲ್ಲ? ಬೇಗ ಕಾಲು ಸಡಿಲಿಸಿದರೆ ಹಿಂದಿನವನು ಒಳಗಡೆಯಿಂದ ನುಗ್ಗಿಬಿಡುತ್ತಾನೆ. ನುಗ್ಗಲಿ. ಅಷ್ಟು ವೇಗದಲ್ಲಿ ಒಳಗೆ ಬಂದವನು ತಿರುವಿನ ನಡುವೆ ಒಳಅಂಚಿನಲ್ಲಿ ಉಳಿಯಲಾರ, ಮೇಲಕ್ಕೆ ಜಾರುತ್ತಾನೆ. ತಾಳ್ಮೆಯಿಂದ ಕಾದವನು ಆಗ ಅವನ ಬಾಲದ ಹಿಂದೆ ದಾಟಿ ಒಳಗಡೆಗೆ ಇಳಿದು, ನೇರಕ್ಕೆ ಬರುವಾಗ ಪಕ್ಕದಲ್ಲಿ, ನೇರದ ಕೊನೆಯಲ್ಲಿ ಮುಂದೆ ಇರುತ್ತಾನೆ. ಆಟದಲ್ಲಿ ಹೊಸಬರ ರೇಸುಗಳಲ್ಲಿ ಸ್ಥಾನ ಬದಲಾಗುವುದು ಬಹುತೇಕ ಹೀಗೆಯೇ, ಮುಂದಿನವನ ಆತುರದಿಂದ. ಕೊನೆಯ ಎರಡು ಮೂರು ಸುತ್ತಿನ ಮಾತು ಬೇರೆ ಎಂದು ಒಪ್ಪಬೇಕು. ಆಗ ಹಿಂದಿನವನು ಬಂಪರಿಗೆ ಸಣ್ಣಗೆ ಗುದ್ದಿ ನಿಮ್ಮನ್ನು ಮೇಲಕ್ಕೆ ಸರಿಸಿ ಹೋಗಬಹುದು. ಮಾರ್ಟಿನ್ಸ್‌ವಿಲ್‌ನಲ್ಲಿ ಅದನ್ನು ಅಪರಾಧ ಎಂದು ಯಾರೂ ದೊಡ್ಡದು ಮಾಡುವುದಿಲ್ಲ. ಅಲ್ಲಿ ನಿಧಾನವಾದರೂ ಸರಿ, ಒಳಅಂಚನ್ನು ಬಿಟ್ಟುಕೊಡದಿರುವುದೇ ಜಾಣತನ. ಉಳಿದ ಸುತ್ತುಗಳಲ್ಲಿ ಲೆಕ್ಕ ತಾಳ್ಮೆಯ ಪರವಾಗಿದೆ.

ಸ್ಟಾಕ್ ಕಾರಿನವರ ಬಾಯಲ್ಲಿ ಸದಾ ಇರುವ ಎರಡು ಮಾತು ಟೈಟ್ ಮತ್ತು ಲೂಸ್. ಮುಂದಿನ ಟೈರುಗಳು ಹಿಡಿತ ಕಳೆದುಕೊಂಡು ಕಾರು ತಿರುಗದೆ ನೇರ ಹೋದರೆ ಟೈಟ್. ಹಿಂದಿನವು ಕಳೆದುಕೊಂಡು ಬಾಲ ಹೊರಕ್ಕೆ ಬೀಸಿದರೆ ಲೂಸ್. ಆಟಗಾರರು ಹೆಚ್ಚಾಗಿ ದೂರುವುದು ತಿರುವಿನಿಂದ ಹೊರಬರುವಾಗ ಕಾರು ಲೂಸ್ ಆಗಿ ಗಿರಕಿ ಹೊಡೆಯುತ್ತದೆ ಎಂದು. ರೋಗ ಅಲ್ಲಿ ಕಾಣಿಸಿದರೂ ಹುಟ್ಟಿದ್ದು ಎಷ್ಟೋ ಸಲ ತಿರುವಿನ ಬಾಗಿಲಲ್ಲಿ. ವೇಗ ಹೆಚ್ಚಾಗಿ ಒಳಬಂದಾಗ ಕಾರು ಟೈಟ್ ಆಗುತ್ತದೆ. ಚಾಲಕ ಸ್ಟೀರಿಂಗನ್ನು ಬೇಕಾದ್ದಕ್ಕಿಂತ ಜಾಸ್ತಿ ತಿರುಗಿಸಿ ಕಾಯುತ್ತಾನೆ. ವೇಗ ಇಳಿದ ಗಳಿಗೆಯಲ್ಲಿ ಮುಂದಿನ ಟೈರುಗಳು ಥಟ್ಟನೆ ಹಿಡಿಯುತ್ತವೆ, ಜಾಸ್ತಿ ತಿರುಗಿಸಿದ ಸ್ಟೀರಿಂಗ್ ಮೂತಿಯನ್ನು ಒಳಕ್ಕೆ ಎಳೆಯುತ್ತದೆ, ಅದೇ ಹೊತ್ತಿಗೆ ಆಕ್ಸಿಲರೇಟರೂ ಬಿದ್ದಿರುತ್ತದೆ, ಬಾಲ ಬೀಸುತ್ತದೆ. ಇದನ್ನು ಲೂಸ್ ಕಾರು ಎಂದು ತಿಳಿದು ಸೆಟಪ್, ಅಂದರೆ ಕಾರಿನ ಹೊಂದಾಣಿಕೆ ಬದಲಿಸಿ ಕಾರನ್ನು ಇನ್ನಷ್ಟು ಟೈಟ್ ಮಾಡಿದರೆ ಮುಂದಿನ ಸುತ್ತಿನಲ್ಲಿ ಸ್ಟೀರಿಂಗ್ ಇನ್ನೂ ಜಾಸ್ತಿ ಬೇಕಾಗುತ್ತದೆ, ಗಿರಕಿ ಇನ್ನೂ ಜೋರಾಗುತ್ತದೆ. ಔಷಧ ಸೆಟಪ್‌ನಲ್ಲಿಲ್ಲ, ಹತ್ತು ಮೀಟರ್ ಮುಂಚೆ ಕಾಲು ಸಡಿಲಿಸುವುದರಲ್ಲಿದೆ. ಅನುಮಾನವಿದ್ದರೆ ಆಟವೇ ತೋರಿಸುವ ಟೈರಿನ ಬಿಸಿಯ ಅಂಕಿ ನೋಡಬಹುದು. ಬಲಮುಂದಿನ ಟೈರು ಉಳಿದ ಮೂರಕ್ಕಿಂತ ತೀರಾ ಬಿಸಿಯಾಗಿದ್ದರೆ ಅದನ್ನು ರಸ್ತೆಗೆ ಉಜ್ಜುತ್ತಿದ್ದೇವೆ ಎಂದೇ ಅರ್ಥ.

ಹಾಗಾದರೆ ಡೇಟೋನಾದಲ್ಲಿ? ಅಲ್ಲಿ ಯಾರೂ ಕಾಲು ಎತ್ತುವುದೇ ಇಲ್ಲವಲ್ಲ ಎನ್ನುವವರಿದ್ದಾರೆ. ಎರಡೂವರೆ ಮೈಲಿಯ ಆ ಟ್ರ್ಯಾಕಿನ ತಿರುವುಗಳು 31 ಡಿಗ್ರಿ ಓರೆ, ತ್ರಿಜ್ಯ ಸುಮಾರು 1000 ಅಡಿ. ಜಾತ್ರೆಯಲ್ಲಿ ಮರದ ಹಲಗೆಯ ಬಾವಿಯ ಗೋಡೆಯ ಮೇಲೆ ಬೈಕು ಓಡಿಸುವವನನ್ನು ಬೀಳದಂತೆ ಹಿಡಿಯುವ ಬಲವೇ ಇಲ್ಲೂ ಕೆಲಸ ಮಾಡುತ್ತದೆ. ಲೆಕ್ಕ ಹಾಕಿದರೆ, ಟೈರಿಗೆ ಅಡ್ಡ ಹಿಡಿತವೇ ಇಲ್ಲದಿದ್ದರೂ ಗಂಟೆಗೆ 150 ಕಿಲೋಮೀಟರ್ ಆಸುಪಾಸಿನಲ್ಲಿ ಕಾರು ಆ ಓರೆಯ ಮೇಲೆ ಜಾರದೆ ತಿರುಗಬಲ್ಲದು. 300ರಲ್ಲಿ ಹೋಗುವಾಗ ಕಾರು ತನ್ನ ತೂಕದ ಎರಡರಷ್ಟು ಭಾರದಿಂದ ರಸ್ತೆಗೆ ಒತ್ತಿಕೊಂಡಿರುತ್ತದೆ. ಆದ್ದರಿಂದ ಪೂರ್ತಿ ಒತ್ತಿಯೇ ತಿರುಗಬಹುದು, ನಿಜ. 1987ರಲ್ಲಿ 33 ಡಿಗ್ರಿ ಓರೆಯ ಟಲ್ಲಡೇಗಾ ಟ್ರ್ಯಾಕಿನಲ್ಲಿ ಬಿಲ್ ಎಲಿಯಟ್ ಗಂಟೆಗೆ 212.809 ಮೈಲಿ, ಅಂದರೆ ಸುಮಾರು 342 ಕಿಲೋಮೀಟರ್ ವೇಗದಲ್ಲಿ ಅರ್ಹತಾ ಸುತ್ತು ಮುಗಿಸಿದ. ಅದೇ ವರ್ಷ ಅಲ್ಲಿ ಬಾಬಿ ಆಲಿಸನ್‌ನ ಕಾರು ಹಾರಿ ಪ್ರೇಕ್ಷಕರ ಮುಂದಿನ ಬೇಲಿಗೆ ಬಡಿದ ಮೇಲೆ, 1988ರಿಂದ ಈ ಎರಡು ಟ್ರ್ಯಾಕುಗಳಲ್ಲಿ ಎಂಜಿನ್ನಿಗೆ ಹೋಗುವ ಗಾಳಿಯನ್ನೇ ಕಟ್ಟಿಹಾಕಲಾಯಿತು. ಎಂಜಿನ್ನಿನ ಶಕ್ತಿ ಕುಗ್ಗಿದ್ದರಿಂದ ಕಾರುಗಳು ಒಂದರ ಗಾಳಿಯ ಮರೆಯಲ್ಲಿ ಇನ್ನೊಂದು ಸೇರಿಕೊಂಡು ಗುಂಪಾಗಿ ಓಡುತ್ತವೆ.

ಈ ಗುಂಪಿನೊಳಗೆ ನನ್ನ ವಾದ ಬೇರೆ ರೂಪದಲ್ಲಿ ಮರಳುತ್ತದೆ. ಒಂದರ ಹಿಂದೊಂದು ಹೋಗುವ ಎರಡು ಕಾರುಗಳು ಒಂಟಿ ಕಾರಿಗಿಂತ ವೇಗ. ಮುಂದಿನದು ಗಾಳಿ ಸೀಳುತ್ತದೆ, ಹಿಂದಿನದು ಮುಂದಿನದರ ಬಾಲಕ್ಕೆ ಅಂಟುವ ಗಾಳಿಯ ಎಳೆತವನ್ನು ಕಡಿಮೆ ಮಾಡುತ್ತದೆ. ಹಿಂದಿನವನಿಗೆ ವೇಗ ಮಿಗುತ್ತದೆ; ಆ ಮಿಕ್ಕ ವೇಗವನ್ನು ಏನು ಮಾಡಬೇಕು ಎಂಬುದೇ ಡೇಟೋನಾದ ಪ್ರಶ್ನೆ. ಥಟ್ಟನೆ ಕಾಲು ಎತ್ತಿದರೆ ಹಿಂದಿರುವವನು ಬಂದು ಗುದ್ದುತ್ತಾನೆ, ಎತ್ತದಿದ್ದರೆ ಮುಂದಿನವನಿಗೆ ಗುದ್ದಿ ಇಪ್ಪತ್ತು ಕಾರುಗಳ ಅಪಘಾತ. ಪಳಗಿದವರು ಆಕ್ಸಿಲರೇಟರನ್ನು ಕಾಲುಭಾಗದಷ್ಟು ಮೆಲ್ಲಗೆ ಬಿಡುತ್ತಾರೆ, ಇಲ್ಲವೇ ಒತ್ತಿಕೊಂಡೇ ಎಡಗಾಲಿನಿಂದ ಬ್ರೇಕನ್ನು ಸವರುತ್ತಾರೆ. ಈಚಿನ ವರ್ಷಗಳಲ್ಲಂತೂ ಈ ದೊಡ್ಡ ಟ್ರ್ಯಾಕುಗಳ ರೇಸಿನ ನಡುಭಾಗದಲ್ಲಿ ಇಡೀ ಗುಂಪೇ ಅರೆಬರೆ ಒತ್ತಿಕೊಂಡು ಸಾಗುತ್ತದೆ. ಇಂಧನ ಉಳಿಸಿದವನಿಗೆ ಪಿಟ್‌ನಲ್ಲಿ ಟ್ಯಾಂಕು ತುಂಬಿಸಲು ಕಡಿಮೆ ಹೊತ್ತು ಸಾಕು, ಅವನು ಮೊದಲು ಹೊರಬರುತ್ತಾನೆ. ನೋಡುವವರಿಗೆ ಇದು ಬೇಸರ ತರಿಸುತ್ತದೆ ಎಂಬ ದೂರಿನಲ್ಲಿ ಹುರುಳಿದೆ. ಆದರೆ ಪೂರ್ತಿ ಒತ್ತುವುದೇ ಡೇಟೋನಾ ಎನ್ನುವವರಿಗೆ ಅದೇ ಉತ್ತರ ಕೂಡ.

ಎಲ್ಲ ಓವಲ್‌ಗಳೂ ಒಂದೇ ಎಂಬ ಮಾತನ್ನು ಸುಳ್ಳಾಗಿಸಲು ದಕ್ಷಿಣ ಕೆರೊಲಿನಾದ ಡಾರ್ಲಿಂಗ್ಟನ್ ಸಾಕು. 1950ರಲ್ಲಿ ಮೊದಲ ರೇಸು ಕಂಡ ಈ ಟ್ರ್ಯಾಕಿನ ಒಂದು ತುದಿ ಅಗಲ, ಇನ್ನೊಂದು ಇಕ್ಕಟ್ಟು. ಜಾಗ ಕೊಟ್ಟ ರೈತನ ಮೀನಿನ ಹೊಂಡವನ್ನು ಮುಟ್ಟುವುದಿಲ್ಲ ಎಂದು ಟ್ರ್ಯಾಕು ಕಟ್ಟಿಸಿದ ಹೆರಾಲ್ಡ್ ಬ್ರಾಸಿಂಗ್ಟನ್ ಮಾತು ಕೊಟ್ಟಿದ್ದರಿಂದ ಹಾಗಾಯಿತಂತೆ. ಎರಡು ತುದಿಗೂ ಒಂದೇ ಅಳತೆಯಲ್ಲಿ ಕಾಲು ಸಡಿಲಿಸುವವನು ಇಲ್ಲಿ ಬಲಗಡೆಯ ಬಣ್ಣವನ್ನೆಲ್ಲ ಗೋಡೆಗೆ ಬಳಿದು ಬರುತ್ತಾನೆ. ಆ ಗೀರಿಗೆ ಡಾರ್ಲಿಂಗ್ಟನ್ ಪಟ್ಟೆ ಎಂದೇ ಹೆಸರು. ಟೈರನ್ನು ತಿನ್ನುವುದಕ್ಕೂ ಈ ಟ್ರ್ಯಾಕು ಹೆಸರುವಾಸಿ. ಮೊದಲ ಐದು ಸುತ್ತಿನಲ್ಲಿ ಮಿಂಚಿದವನು ಇಪ್ಪತ್ತೈದನೆಯ ಸುತ್ತಿಗೆ ಸೆಕೆಂಡುಗಟ್ಟಲೆ ನಿಧಾನವಾಗಿರುತ್ತಾನೆ. ಫ್ಲಾರಿಡಾದ ಹೋಮ್‌ಸ್ಟೆಡ್‌ನಲ್ಲಿ ಇನ್ನೊಂದು ಬಗೆ. ಅಲ್ಲಿನ ಓರೆ ಕೆಳಗೆ 18 ಡಿಗ್ರಿ, ಮೇಲಕ್ಕೆ ಹೋದಂತೆ 20. ಟೈರು ಸವೆದಂತೆ ಚಾಲಕರು ಗೋಡೆಯ ಪಕ್ಕಕ್ಕೇ ಏರುತ್ತಾರೆ. ದಾರಿ ಉದ್ದವಾದರೂ ತಿರುವು ಅಗಲ, ಹಾಗಾಗಿ ವೇಗ ಅಷ್ಟಾಗಿ ಇಳಿಸಬೇಕಿಲ್ಲ.

ಗೋಡೆಯ ಮಾತು ಬಂದ ಮೇಲೆ ಚಾಲಕ ರಾಸ್ ಚಾಸ್ಟೇನ್‌ನನ್ನು ಬಿಡುವಂತಿಲ್ಲ. 2022ರ ಅಕ್ಟೋಬರ್ 30, ಮಾರ್ಟಿನ್ಸ್‌ವಿಲ್, ಕೊನೆಯ ಸುತ್ತು. ಪ್ರಶಸ್ತಿಯ ಕೊನೆಯ ಹಂತಕ್ಕೆ ಹೋಗಲು ಅವನಿಗೆ ಎರಡು ಸ್ಥಾನ ಬೇಕಿತ್ತು. ಐದನೇ ಗೇರಿಗೆ ಹಾಕಿ, ಪೂರ್ತಿ ಒತ್ತಿ, ಕಾರನ್ನು ಹೊರಗೋಡೆಗೆ ಆನಿಸಿಬಿಟ್ಟ. ಗೋಡೆಗೆ ಉಜ್ಜಿಕೊಂಡೇ ಇಡೀ ತಿರುವನ್ನು ದಾಟಿ ಹತ್ತನೆಯ ಸ್ಥಾನದಿಂದ ಐದಕ್ಕೆ ಬಂದ. ಸುತ್ತಿನ ಸಮಯ 18.845 ಸೆಕೆಂಡ್. ಇದರಿಂದ ಹೊರಬಿದ್ದವನು ಡೆನ್ನಿ ಹ್ಯಾಮ್ಲಿನ್. ಗೇಮ್‌ಕ್ಯೂಬ್ ಎಂಬ ಆಟದ ಯಂತ್ರದಲ್ಲಿ ‘ನ್ಯಾಸ್ಕಾರ್ 2005’ ಆಡುತ್ತಿದ್ದ ಹುಡುಗಾಟದ ದಿನಗಳಿಂದ ಈ ಉಪಾಯ ಬಂತೆಂದು ಚಾಸ್ಟೇನ್ ಹೇಳಿಕೊಂಡ. ತಾಳ್ಮೆ ತಾಳ್ಮೆ ಎನ್ನುವವರ ಬಾಯಿ ಮುಚ್ಚಿಸುವ ಉದಾಹರಣೆ ಎಂದು ಇದನ್ನು ಎತ್ತಿಹಿಡಿಯುವವರಿದ್ದಾರೆ. ನನಗೆ ತದ್ವಿರುದ್ಧವಾಗಿ ಕಾಣುತ್ತದೆ. ಕಾಲು ಸಡಿಲಿಸದೆ ಆ ತಿರುವು ದಾಟಲು ಟೈರಿನ ಹಿಡಿತ ಸಾಲದು, ಗೋಡೆಯೇ ಕಾರನ್ನು ಒಳಕ್ಕೆ ತಳ್ಳಬೇಕು. ಟೈರು ಮಾಡಲಾಗದ ಕೆಲಸವನ್ನು ಕಾಂಕ್ರೀಟು ಮಾಡಿತು, ಕಾರಿನ ಬಲಮಗ್ಗುಲು ಅದರ ಬೆಲೆ ತೆತ್ತಿತು. ನೂರಾರು ಸುತ್ತಿನ ರೇಸಿನಲ್ಲಿ ಅದು ಕೊನೆಯ ಒಂದು ತಿರುವಿಗಷ್ಟೇ ಆಗುವ ಕೆಲಸ. 2023ರ ಜನವರಿಯಲ್ಲಿ ನ್ಯಾಸ್ಕಾರ್, ಸುರಕ್ಷತೆಯ ನಿಯಮದಡಿ ಇನ್ನು ಮುಂದೆ ಇದಕ್ಕೆ ದಂಡ ಹಾಕುವುದಾಗಿ ಹೇಳಿ ಆ ಬಾಗಿಲನ್ನೂ ಮುಚ್ಚಿತು.

ಕೊನೆಯ ಆಕ್ಷೇಪ ಆಟದ ಬಗ್ಗೆಯೇ. ನಿಜವಾದ ಕಾರಿನಲ್ಲಿ ಬಾಲ ಜಾರುವುದು ಮೊದಲು ಸೊಂಟಕ್ಕೆ ಗೊತ್ತಾಗುತ್ತದೆ; ಮನೆಯ ಕುರ್ಚಿಗೆ ಅದೆಲ್ಲಿ ಬರಬೇಕು? ಸರಿಯಾದ ಮಾತು. ಕೈಗೆ ಬಲ ತೋರಿಸುವ ಸ್ಟೀರಿಂಗ್, ಟೈರಿನ ಕಿರುಚು, ಪರದೆಯ ಮೇಲಿನ ನೋಟ, ಇವಿಷ್ಟರಲ್ಲೇ ಸುಧಾರಿಸಿಕೊಳ್ಳಬೇಕು, ಸುದ್ದಿ ಒಂದು ಕ್ಷಣ ತಡವಾಗಿಯೇ ಮುಟ್ಟುತ್ತದೆ. ಆದರೆ ಸುದ್ದಿ ತಡವಾಗಿ ಬರುವವನಿಗೆ ಅಂಚಿನಲ್ಲಿ ಓಡಿಸುವುದು ಇನ್ನೂ ಅಪಾಯ, ಅವನು ಇನ್ನಷ್ಟು ಮುಂಚೆ ಸಡಿಲಿಸಬೇಕು ಎಂದೇ ಅಲ್ಲವೇ ಇದರ ತಾತ್ಪರ್ಯ? ಅದಕ್ಕಿಂತ ಮುಖ್ಯವಾದದ್ದು ಭಯ. ನಿಜವಾದ ಗೋಡೆಯ ಎದುರು ಕಾಲನ್ನು ಎತ್ತಿಸುವುದರಲ್ಲಿ ಭಯದ ಪಾಲು ದೊಡ್ಡದು. ಯಾವನು ತಿಳಿದು ಎತ್ತಿದ, ಯಾವನು ಹೆದರಿ ಎತ್ತಿದ ಎಂದು ಬೇರ್ಪಡಿಸುವುದು ಕಷ್ಟ. ಆಟದಲ್ಲಿ ಮೂಳೆ ಮುರಿಯುವುದಿಲ್ಲ, ಕಾರಿನ ರಿಪೇರಿಗೆ ದುಡ್ಡು ಹೋಗುವುದಿಲ್ಲ. ಆದರೂ ಅಲ್ಲಿ ಸುತ್ತಿನ ಸಮಯದ ಪಟ್ಟಿಯಲ್ಲಿ ಮೇಲಿರುವವರು ಬೇಗನೆ ಕಾಲು ಸಡಿಲಿಸುವವರೇ. ಎಚ್ಚರಿಕೆ ಎಂದು ನಾವು ಕರೆಯುತ್ತಿದ್ದದ್ದು ಬರೀ ವೇಗದ ಲೆಕ್ಕ ಎಂದು ಆಟ ತೋರಿಸಿಕೊಡುತ್ತದೆ. ದುಬಾರಿ ಪೆಡಲು, ಮೂರು ಪರದೆ ಇದ್ದರಷ್ಟೇ ಇದು ಸಾಧ್ಯ ಎನ್ನುವುದು ಮಾರುವವರ ಮಾತು. ಹೆಬ್ಬೆರಳಿನಿಂದ ಆಡಿದರೂ ವರ್ಗದ ಲೆಕ್ಕ ಬದಲಾಗುವುದಿಲ್ಲ.

ಸ್ಟಾಕ್ ಕಾರ್ ರೇಸು ಭಾರತದವರಿಗೆ ದೂರದ ಮಾತೇ. ಚೆನ್ನೈ, ಕೊಯಮತ್ತೂರು, ಗ್ರೇಟರ್ ನೊಯ್ಡಾದ ನಮ್ಮ ರೇಸ್ ಟ್ರ್ಯಾಕುಗಳೆಲ್ಲ ಎರಡೂ ಕಡೆ ತಿರುಗುವ ಬಗೆಯವು. ಫಾರ್ಮುಲಾ ಒನ್ ಓಡಿಸಿದ್ದ ನಾರಾಯಣ್ ಕಾರ್ತಿಕೇಯನ್ 2010ರಲ್ಲಿ ನ್ಯಾಸ್ಕಾರ್‌ನ ಟ್ರಕ್ ಸರಣಿಗೆ ಇಳಿದಾಗ ಅವರ ಮೊದಲ ರೇಸು ಇದೇ ಮಾರ್ಟಿನ್ಸ್‌ವಿಲ್‌ನಲ್ಲಿ, 13ನೆಯವರಾಗಿ ಮುಗಿಸಿದರು. ಉಳಿದವರಿಗೆ ಸದ್ಯಕ್ಕೆ ಆಟವೇ ಗತಿ. ಆಡುವುದಾದರೆ ಡೇಟೋನಾದಿಂದ ಶುರುಮಾಡಬೇಡಿ, ಮಾರ್ಟಿನ್ಸ್‌ವಿಲ್‌ನಲ್ಲಿ ಒಬ್ಬರೇ ಮೂವತ್ತು ಸುತ್ತು ಓಡಿಸಿ. ಸೆಟಪ್ ಮುಟ್ಟಬೇಡಿ. ಬ್ರೇಕ್ ಹಾಕುವ ಜಾಗವನ್ನು ಪ್ರತಿ ಐದು ಸುತ್ತಿಗೊಮ್ಮೆ ಒಂದು ಕಾರಿನ ಉದ್ದದಷ್ಟು ಹಿಂದಕ್ಕೆ ತನ್ನಿ, ಸಮಯ ಎಲ್ಲಿಯವರೆಗೆ ಇಳಿಯುತ್ತದೆ, ಎಲ್ಲಿಂದ ಏರುತ್ತದೆ ನೋಡಿ. ಅತಿ ವೇಗದ ಸುತ್ತಿನ ಬದಲು ಕೊನೆಯ ಐದು ಸುತ್ತಿನ ಸರಾಸರಿಯನ್ನು ಬರೆದಿಟ್ಟುಕೊಳ್ಳಿ.